ಹಳೇ ಬೀಟೆ ಕುರ್ಚಿ ಲೇಸರ್ ಸ್ಕ್ಯಾನ್ ಮಾಡ್ಸಿದ್ರೆ ಪಾಲಿಶ್ ಹಾಳಾಗತ್ತಾ?

ಮಲ್ನಾಡ್_ಮನೆ:
ಅಜ್ಜನ ಕಾಲದ ಬೀಟೆ ಮರದ ಆರಾಮ್ ಕುರ್ಚಿ ಇದೆ, ಉದ್ದ ಕೈ, ಬೆತ್ತದ ಹೆಣಿಗೆ, ಮುಂದಿನ ಕಾಲು ಲೇತಲ್ಲಿ ಕಡೆದಿರೋದು. ಮನೆ ಪಾಲಾಗ್ತಿದೆ, ಕುರ್ಚಿ ಅಣ್ಣಂಗೂ ಬೇಕು ನಂಗೂ ಬೇಕು, ಅದಕ್ಕೆ ಅಂಥದ್ದೇ ಇನ್ನೊಂದು ಮಾಡ್ಸೋಣ ಅಂತ. ಕೈಯಲ್ಲಿ ಹಿಡ್ಕೊಂಡು ಸ್ಕ್ಯಾನ್ ಮಾಡೋ ಲೇಸರ್ ಮಷಿನ್ ಇರೋರೊಬ್ರು ಸಿಕ್ಕಿದಾರೆ, ಹೊಳಪು ಜಾಸ್ತಿ ಇದೆ ಬಿಳಿ ಸ್ಪ್ರೇ ಹೊಡೀಬೇಕು, ಸ್ಟಿಕ್ಕರ್ ಅಂಟಿಸ್ಬೇಕು ಅಂತಿದಾರೆ. ಇರೋದು ಫ್ರೆಂಚ್ ಪಾಲಿಶ್. ಏನೂ ಆಗಲ್ವಾ? ಫೋನಲ್ಲೇ ಮಾಡಿದ್ರೆ ಸಾಲಲ್ವಾ?

ಪಾಯಿಂಟ್‌ಕ್ಲೌಡ್:
ಸ್ಪ್ರೇ ಬೇಡವೇ ಬೇಡ ಸಾರ್. ಫ್ರೆಂಚ್ ಪಾಲಿಶ್ ಅಂದ್ರೆ ಅರಗನ್ನ ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿರೋದು, ಈ ಸ್ಪ್ರೇಗಳಲ್ಲಿ ಎಷ್ಟೋದ್ರಲ್ಲಿ ಆಲ್ಕೋಹಾಲೇ ಇರತ್ತೆ, ಬಿದ್ದ ಕಡೆ ಪಾಲಿಶ್ ಮೆತ್ತಗಾಗಿ ಸ್ಪ್ರೇಯ ಬಿಳಿ ಪುಡಿ ಅದರೊಳಗೇ ಕೂತ್ಬಿಡಬಹುದು. ಬಿಳಿ ಬೆಳಕಿನ ಸ್ಕ್ಯಾನರ್‌ಗೆ ಕಪ್ಪಗೆ ಹೊಳೆಯೋ ಮರ ಕಷ್ಟ ನಿಜ, ಆದ್ರೆ ನೀಲಿ ಲೇಸರ್ ಗೆರೆ ಬಿಡೋದಾದ್ರೆ ಎಕ್ಸ್‌ಪೋಶರ್ ಏರಿಸಿ ಬೇರೆ ಬೇರೆ ಕೋನದಿಂದ ನಿಧಾನಕ್ಕೆ ತೋರ್ಸಿದ್ರೆ ಸಾಮಾನ್ಯವಾಗಿ ಹಿಡಿಯತ್ತೆ.

ಸ್ಟಿಕ್ಕರ್ ಮಾತ್ರ ಬೇಕು. ಕಡೆದ ಕಾಲು ಸುತ್ತಲೂ ಒಂದೇ ಥರ ಅಲ್ವಾ, ಮಷಿನ್‌ಗೆ ತಾನೆಲ್ಲಿದೀನಿ ಅಂತ ಗೊತ್ತಾಗದೆ ಅಳತೆ ಜಾರ್ಕೊಂಡು ಹೋಗತ್ತೆ. ಆದ್ರೆ ಕುರ್ಚಿಗೇ ಯಾಕೆ ಅಂಟಿಸ್ತೀರಿ, ಅಡಿಗೊಂದು ಪ್ಲೈವುಡ್ ಹಾಕಿ, ಸುತ್ತ ಮರದ ತುಂಡು ನಿಲ್ಸಿ, ಅವುಕ್ಕೆ ಅಂಟಿಸಿ. ಸ್ಕ್ಯಾನ್ ಮುಗಿಯೋವರ್ಗೂ ಕುರ್ಚಿ ಕದಲಬಾರ್ದು ಅಷ್ಟೇ. ಆಮೇಲೆ ಮಗುಚಿ ಅಡಿಭಾಗದ್ದು ಬೇರೆ ಸ್ಕ್ಯಾನ್.

ಫೋನ್ ಲೈಡಾರ್ (ಲೇಸರ್ ಬೆಳಕಲ್ಲಿ ದೂರ ಅಳೆಯೋ ಸೆನ್ಸರ್) ರೂಮ್ ಅಳೆಯೋಕೆ ಸರಿ, ಇದಕ್ಕೆ ಆಗಲ್ಲ.

ಉಳಿಬಾಚಿ:
ನಾನು ಮರಗೆಲಸದೋನು, ನನ್ನ ತಕರಾರು ಬೇರೆ. ಹಳೇ ಕುರ್ಚಿ ಅಂದ್ಮೇಲೆ ಸೊಟ್ಟ ಆಗಿರತ್ತೆ, ಸ್ಕ್ಯಾನ್ ಆ ಸೊಟ್ಟಾನೂ ನಿಯತ್ತಾಗಿ ಬರ್ಕೊಳತ್ತೆ, ಅದನ್ನೇ ಕಾಪಿ ಹೊಡೆದ್ರೆ ಹೊಸ ಕುರ್ಚಿನೂ ಹುಟ್ಟಾ ಕುಂಟ. ಚೆನ್ನಾಗಿರೋ ಕಡೆಯ ಕೈ, ಕಾಲು ಮಾತ್ರ ತಗೊಂಡು ಕಂಪ್ಯೂಟರಲ್ಲಿ ಮಿರರ್ ಮಾಡ್ಸಿ, ಅಂದ್ರೆ ಕನ್ನಡಿ ಬಿಂಬದ ಥರ ತಿರುಗ್ಸಿ ಇನ್ನೊಂದು ಕಡೆಗೂ ಅದೇ ಹಾಕ್ಸಿ. ಲೇಸರ್ ಮೇಲ್ಮೈ ಅಷ್ಟೇ ನೋಡೋದು, ಅಡ್ಡಪಟ್ಟಿ ಕಾಲೊಳಗೆ ಎಷ್ಟು ಇಳಿದಿದೆ ಅಂತ ಹೇಳಲ್ಲ, ಅದನ್ನ ಆಚಾರ್ರೇ ನೋಡ್ಬೇಕು. ಮತ್ತೆ ಅವ್ರಿಗೆ ಎಸ್‌ಟಿಎಲ್ ಫೈಲ್ (ಸ್ಕ್ಯಾನಿನ 3ಡಿ ಆಕಾರ ಇರೋ ಕಂಪ್ಯೂಟರ್ ಫೈಲ್) ಕೊಟ್ರೆ ಏನ್ ಮಾಡ್ತಾರೆ ಪಾಪ? ಮಾಡೆಲ್ ಅನ್ನ ಅಡ್ಡಡ್ಡ ಕತ್ತರಿಸಿ ಆ ಗೆರೆಗಳನ್ನ 1:1 ಅಳತೇಲಿ ಪ್ರಿಂಟ್ ತೆಗ್ಸಿ ಕೊಡಿ, ಪ್ಲೈವುಡ್‌ಗೆ ಅಂಟಿಸಿ ಅಚ್ಚು ಮಾಡ್ಕೋತಾರೆ.

ಮಲ್ನಾಡ್_ಮನೆ:
ಸ್ಪ್ರೇ ಬೇಡ ಅಂತ ಹೇಳ್ಬಿಟ್ಟೆ. ಇನ್ನೊಂದು, ಮಗುಚಿದಾಗ ಬೆತ್ತ ಆ ಕಡೆ ಜೋಲತ್ತಲ್ಲ, ಎರಡು ಸ್ಕ್ಯಾನ್ ಹೊಂದತ್ತಾ?

ಪಾಯಿಂಟ್‌ಕ್ಲೌಡ್:
ಬೆತ್ತದ ಮೇಲೆ ಹೊಂದಿಸೋಕೆ ಹೋಗ್ಬೇಡಿ, ಎರಡರಲ್ಲೂ ಅದನ್ನ ಅಳಿಸಿಬಿಡಿ, ಹೆಣಿಯೋರು ಹೇಗೂ ಹೊಸದಾಗೇ ಹೆಣೀತಾರೆ. ಕೈ ಮತ್ತೆ ಕಾಲು ಎರಡು ಸ್ಕ್ಯಾನಲ್ಲೂ ಚೆನ್ನಾಗಿ ಬಂದಿದ್ರೆ ಅವುಗಳ ಮೇಲೇ ಕೂರತ್ತೆ.