ಅಮ್ಮನಿಗೆ ಇಂಪ್ಲಾಂಟ್ ಹಾಕಿಸೋದಾ, ಬ್ರಿಡ್ಜೇ ಸಾಕಾ?

ಪ್ರಶ್ನೆ
ನಮಸ್ಕಾರ, ಅಮ್ಮನಿಗೆ 64. ಕೆಳಗಡೆ ಬಲಭಾಗದ ಎರಡು ದವಡೆ ಹಲ್ಲು ಹೋಗಿ ನಾಲ್ಕು ವರ್ಷ ಆಯ್ತು, ಒಂದೇ ಕಡೆ ಅಗಿದು ಅಗಿದು ಈಗ ಆ ಕಡೆನೂ ನೋವಂತೆ. ಶುಗರ್ ಇದೆ. ಒಂದು ಕ್ಲಿನಿಕ್‌ನಲ್ಲಿ ಇಂಪ್ಲಾಂಟ್ ಹಾಕಿ ಮೂರೇ ದಿನಕ್ಕೆ ಹಲ್ಲು ಕೂರಿಸ್ತೀವಿ, ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್ ಅಂದ್ರು, ಇನ್ನೊಬ್ಬ ಡಾಕ್ಟ್ರು ಅಕ್ಕಪಕ್ಕದ ಹಲ್ಲಿನ ಆಸರೆಯಲ್ಲಿ ಕೂರಿಸೋ ಬ್ರಿಡ್ಜ್ ಸಾಕು ಅಂದ್ರು. ಈ ವಯಸ್ಸಲ್ಲಿ ಮೂಳೆಗೆ ಸ್ಕ್ರೂ ಹೊಡೆಸ್ಕೋಬೇಕಾ ಅಂತ ಅಮ್ಮನ ರಾಗ ಬೇರೆ. ಮಾಡಿಸಿದವರು ಹೇಳಿ.

ಹುಬ್ಬಳ್ಳಿಯಿಂದ
ನಮ್ಮ ಅಪ್ಪಾರಿಗೆ 68ಕ್ಕ ಹಾಕಿಸೇವ್ರಿ, ವಯಸ್ಸಿನ ಚಿಂತಿ ಬಿಡ್ರಿ. ಶುಗರ್ ನೋಡ್ಕೋರಿ. ಅಪ್ಪಂದು ಎಚ್‌ಬಿಎ1ಸಿ (ಮೂರ ತಿಂಗಳ ಶುಗರ್ ಸರಾಸರಿ) 9 ದಾಟಿತ್ತು, ಡಾಕ್ಟರ್ ಮುಟ್ಟಲೇ ಇಲ್ಲ, ಮೊದಲ ಇಳಿಸ್ಕೊಂಡು ಬರ್ರಿ ಅಂತ ವಾಪಸ್ ಕಳಿಸಿದ್ರು. ಆಮ್ಯಾಲೆ ಸ್ಕ್ರೂ ಹಾಕಿ ನಾಕ ತಿಂಗಳ ಬಿಟ್ಟ ಕ್ಯಾಪ್ ಕೂಡ್ಸಿದ್ರು. ಹಲ್ಲು ಕೀಳಸೂದಕಿಂತ ನೋವು ಕಡಿಮಿ ಅಂದ್ರು, ಆದ್ರ ಗಂಜಿ ಕುಡದ ಕುಡದ ಸಿಟ್ಟಿಗೆದ್ದಿದ್ರು ನೋಡ್ರಿ. ಈಗ ಕಡಕ್ ರೊಟ್ಟಿ ಬಿಡೂದಿಲ್ಲ.

ದಂತವೈದ್ಯೆ
ಮೂರು ದಿನ ಅನ್ನೋದು ಪೂರ್ತಿ ಸುಳ್ಳಲ್ಲ, ಮೂಳೆ ಚೆನ್ನಾಗಿದ್ದು ಸ್ಕ್ರೂ ಬಿಗಿಯಾಗಿ ಕೂತ್ರೆ ಕೆಲವರಿಗೆ ಬೇಗ ಹಾಕ್ತಾರೆ, ಆದ್ರೆ ಟೈಟಾನಿಯಂಗೆ ಮೂಳೆ ಕಚ್ಚಿಕೊಳ್ಳೋಕೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಗೆ ಇಟ್ಟ ಟೈಟಾನಿಯಂ ಕಿತ್ತರೂ ಬರಲಿಲ್ಲ, ಇಡೀ ವಿದ್ಯೆ ನಿಂತಿರೋದೇ ಅದರ ಮೇಲೆ, ಆತುರ ಯಾಕೆ?
ನಾಲ್ಕು ವರ್ಷ ಖಾಲಿ ಇದ್ದ ಜಾಗದಲ್ಲಿ ಮೂಳೆ ಸವೆದಿರುತ್ತೆ, ಕೆಳದವಡೆಯೊಳಗೆ ನರ ಬೇರೆ ಹಾದುಹೋಗುತ್ತೆ, ಅದಕ್ಕೆ ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ನೋಡದೆ ಯಾರೂ ದುಡ್ಡು ಕಟ್ಟಿಸ್ಕೋಬಾರದು. ಬ್ರಿಡ್ಜ್‌ಗೆ ಅಕ್ಕಪಕ್ಕದ ಒಳ್ಳೆ ಹಲ್ಲನ್ನ ಉಜ್ಜಿ ಸಣ್ಣ ಮಾಡಬೇಕು, ಹಿಂದೆ ಹಲ್ಲೇ ಇಲ್ಲದಿದ್ರೆ ಅದು ನಿಲ್ಲಲ್ಲ. ಇನ್ನೊಂದು, ಮೂಳೆ ಟೊಳ್ಳಾಗೋದಕ್ಕೆ (ಆಸ್ಟಿಯೋಪೊರೋಸಿಸ್) ಅಮ್ಮ ಯಾವತ್ತಾದ್ರೂ ಇಂಜೆಕ್ಷನ್, ಮಾತ್ರೆ ತಗೊಂಡಿದ್ರೆ ಮರೀದೆ ಹೇಳಿ. ಆ ಔಷಧಿ ತಗೊಂಡ ಕೆಲವರಿಗೆ ದವಡೆಯ ಗಾಯ ಮಾಯೋದೇ ಇಲ್ಲ.

ಮೈಸೂರಿಂದ
ನಾನು ಡೆಂಟಲ್ ಕಾಲೇಜಲ್ಲಿ ಮಾಡಿಸಿದೆ. ಖರ್ಚು ಕಮ್ಮಿ, ಓಡಾಟ ಜಾಸ್ತಿ. ಎಲ್ಲೇ ಮಾಡಿಸಿ, ಇಂಪ್ಲಾಂಟ್ ಕಂಪನಿ, ಸೈಜ್ ಬರೆಸ್ಕೊಳ್ಳಿ, ಮುಂದೆ ಸ್ಕ್ರೂ ಸಡಿಲಾದ್ರೆ ಬೇರೆ ಡಾಕ್ಟ್ರಿಗೆ ಅದೇ ಬೇಕು. ನಾನು ಬರೆಸ್ಕೊಂಡಿರಲಿಲ್ಲ, ಒದ್ದಾಡಿದೆ.

ಪ್ರಶ್ನೆ ಕೇಳಿದವರು
ಮೇಡಂ, ಈಗಷ್ಟೇ ಅಮ್ಮನ ಕೇಳಿದೆ. ಮಂಡಿ ನೋವಿಗೆ ತೋರಿಸಿದಾಗ ವರ್ಷಕ್ಕೊಂದು ಡ್ರಿಪ್ ಅಂತ ಎರಡು ಸಲ ಹಾಕಿಸ್ಕೊಂಡಿದ್ರಂತೆ, ಮೂಳೆ ಗಟ್ಟಿಯಾಗೋಕೆ ಅಂದಿದ್ರಂತೆ. ಕ್ಲಿನಿಕ್‌ನವರು ಇದನ್ನ ಕೇಳಲೇ ಇಲ್ಲ. ಹಳೇ ಚೀಟಿ ಹುಡುಕ್ತಿದೀನಿ.