ಹೊಸ ಕನ್ಸೋಲ್‌ಗೆ ವಿಡಿಯೊ ಕೇಬಲ್ ಎಲ್ಲಿ ಸಿಗುತ್ತದೆ? ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯೆ): ನಮಸ್ಕಾರ ಸರ್. ನಮ್ಮ ಭಾವ ಅಮೆರಿಕದಿಂದ ಬರುವಾಗ ಮಕ್ಕಳಿಗೆಂದು ನಿಂಟೆಂಡೊ ಸ್ವಿಚ್ 2 ಎಂಬ ಆಟದ ಕನ್ಸೋಲ್ ತಂದುಕೊಟ್ಟರು. ಸೂಟ್‌ಕೇಸಿನ ತೂಕ ಹೆಚ್ಚಾಯಿತೆಂದು ಡಬ್ಬವನ್ನು ಅಲ್ಲೇ ಬಿಟ್ಟು ಬಂದಿದ್ದರಿಂದ, ಅದರೊಳಗಿದ್ದ, ಟಿವಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ಲೂ ಅಲ್ಲೇ ಉಳಿಯಿತು. ಇಲ್ಲಿ ಮೂರು ಅಂಗಡಿಗಳಲ್ಲಿ ವಿಚಾರಿಸಿದೆ. "ಅದು ಹೊಸ ಮಾಡೆಲ್, ಅದರ ಕೇಬಲ್ ಇನ್ನೂ ಇಂಡಿಯಾಕ್ಕೆ ಬಂದಿಲ್ಲ" ಎಂದು ಎಲ್ಲರೂ ಹೇಳಿದರು. ಸದ್ಯಕ್ಕೆ ಹಳೆಯ ಸ್ವಿಚ್‌ನ ಕೇಬಲ್ ಹಾಕಿದ್ದೇವೆ. ಚಿತ್ರ ಬರುತ್ತದೆ, ಆದರೆ ಆಟದ ನಡುವೆ ಪರದೆ ಒಂದೆರಡು ಸೆಕೆಂಡು ಪೂರ್ತಿ ಕಪ್ಪಾಗಿ ಮತ್ತೆ ಬರುತ್ತದೆ. ನಮ್ಮದು 4ಕೆ ಟಿವಿ. ಕೇಬಲ್ ಬರುವವರೆಗೆ ಕಾಯಬೇಕೇ, ಅಥವಾ ಭಾವನವರಿಂದಲೇ ತರಿಸಬೇಕೇ?

ಉತ್ತರ: ನಮಸ್ಕಾರ ಮೇಡಂ. ಎರಡೂ ಬೇಡ. ಸ್ವಿಚ್ 2ಗೆ ಎಂದೇ ತಯಾರಾದ ವಿಶೇಷ ಕೇಬಲ್ ಯಾವುದೂ ಇಲ್ಲ. ಅದರ ಡಾಕ್‌ನ (ಟಿವಿಗೆ ಜೋಡಿಸಲು ಯಂತ್ರವನ್ನು ಕೂರಿಸುವ ಪೀಠದ) ಹಿಂದೆ ಇರುವುದು ನಿಮ್ಮ ಸೆಟ್‌ಟಾಪ್ ಬಾಕ್ಸಿನಲ್ಲಿ ಇರುವಂಥದ್ದೇ ಎಚ್‌ಡಿಎಂಐ ಕಿಂಡಿ. ನಿಮಗೆ ಬೇಕಾಗಿರುವುದು "ಅಲ್ಟ್ರಾ ಹೈ ಸ್ಪೀಡ್" ಎಂಬ ವರ್ಗದ ಕೇಬಲ್. ಅದು ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದ 2020ರ ನವೆಂಬರ್‌ನಿಂದಲೂ ಆಟದ ಕನ್ಸೋಲ್‌ಗಳ ಜೊತೆ ಬರುತ್ತಿದೆ, ನಮ್ಮ ಪೇಟೆಗಳಲ್ಲೂ ಸಿಗುತ್ತದೆ. ನೀವು "ಸ್ವಿಚ್ 2 ಕೇಬಲ್ ಕೊಡಿ" ಎಂದು ಕೇಳಿದ್ದರಿಂದ ಅಂಗಡಿಯವರು ಇಲ್ಲ ಎಂದಿರಬೇಕು. ಹೆಸರು ಬದಲಿಸಿ ಕೇಳಿ ನೋಡಿ.

ಹಾಗೆಂದು ಅವರ ಮಾತಿಗೆ ಆಧಾರವೇ ಇಲ್ಲ ಎನ್ನಲಾರೆ. ಹಿಂದೆ ಪ್ರತಿ ಕಂಪನಿಯೂ ಕನ್ಸೋಲ್‌ನ ಹಿಂಬದಿಗೆ ತನ್ನದೇ ಆಕಾರದ ಕಿಂಡಿ ಇಡುತ್ತಿತ್ತು. 2006ರಲ್ಲಿ ಬಂದ ನಿಂಟೆಂಡೊ ವೀ ಯಂತ್ರಕ್ಕೆ ಡಬ್ಬದಲ್ಲಿ ಕೊಡುತ್ತಿದ್ದುದು ಹಳದಿ, ಕೆಂಪು, ಬಿಳಿ ತುದಿಗಳ ಸಾಮಾನ್ಯ ಕೇಬಲ್ ಮಾತ್ರ. ಸ್ಪಷ್ಟ ಚಿತ್ರ ಬೇಕೆಂದರೆ, ಚಿತ್ರವನ್ನು ಮೂರು ಬೇರೆ ತಂತಿಗಳಲ್ಲಿ ಸಾಗಿಸುವ ಕಾಂಪೊನೆಂಟ್ ಕೇಬಲ್ಲನ್ನು ಬೇರೆಯಾಗಿ ಕೊಳ್ಳಬೇಕಿತ್ತು, ಅದರ ಇನ್ನೊಂದು ತುದಿ ಬೇರೆ ಕಂಪನಿಗಳ ಯಂತ್ರಗಳಿಗೆ ಕೂಡುತ್ತಿರಲಿಲ್ಲ. ಅದಕ್ಕೂ ಹಿಂದಿನ ಗೇಮ್‌ಕ್ಯೂಬ್‌ನ ಕಾಂಪೊನೆಂಟ್ ಕೇಬಲ್ ಇನ್ನೂ ಕಷ್ಟದ್ದು: ಡಿಜಿಟಲ್ ಸಂಕೇತವನ್ನು ಅನಲಾಗ್‌ಗೆ ಬದಲಿಸುವ ಚಿಪ್ ಕನ್ಸೋಲ್‌ನಲ್ಲಿರದೆ ಕೇಬಲ್‌ನ ತಲೆಯೊಳಗೇ ಕುಳಿತಿದ್ದರಿಂದ ಬೇರೆಯವರು ಸುಲಭವಾಗಿ ನಕಲು ಮಾಡುವಂತಿರಲಿಲ್ಲ. ಪ್ಲೇಸ್ಟೇಷನ್ 3ರಲ್ಲಿ ಎಚ್‌ಡಿಎಂಐ ಕಿಂಡಿಯೇನೋ ಇತ್ತು, ಡಬ್ಬದಲ್ಲಿ ಅದರ ಕೇಬಲ್ ಇರಲಿಲ್ಲ. ನಾನು ಈ ಕೆಲಸ ಕಲಿತದ್ದು ಆ ಕಾಲದಲ್ಲಿ. ಹೊಸ ಎಚ್‌ಡಿ ಟಿವಿಯ ಮುಂದೆ ಹೊಸ ಕನ್ಸೋಲ್ ಇಟ್ಟುಕೊಂಡು, ಮಸುಕು ಚಿತ್ರ ನೋಡಿ ಬೇಸರಪಟ್ಟುಕೊಂಡವರ ಮನೆಗಳಿಗೆ ಕೇಬಲ್ ಹಿಡಿದು ಹೋಗಿದ್ದೇನೆ. ಆಗಿನ ಕೊರತೆ ನಿಜವಾದ ಕೊರತೆ.

ಈಗ ನಿಮ್ಮ ಪರದೆ ಕಪ್ಪಾಗುವ ವಿಷಯ. ಎಚ್‌ಡಿಎಂಐ ಕೇಬಲ್‌ಗಳನ್ನು ಅವು ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಸಾಗಿಸಬಲ್ಲವು ಎಂಬುದರ ಮೇಲೆ ವಿಂಗಡಿಸುತ್ತಾರೆ: "ಹೈ ಸ್ಪೀಡ್" ಕೇಬಲ್ 10.2 ಗಿಗಾಬಿಟ್, "ಪ್ರೀಮಿಯಂ ಹೈ ಸ್ಪೀಡ್" 18 ಗಿಗಾಬಿಟ್, "ಅಲ್ಟ್ರಾ ಹೈ ಸ್ಪೀಡ್" 48 ಗಿಗಾಬಿಟ್. ಹಳೆಯ ಸ್ವಿಚ್ ಟಿವಿಗೆ ಕಳುಹಿಸುತ್ತಿದ್ದುದು ಹೆಚ್ಚೆಂದರೆ 1080ಪಿ (4ಕೆಗಿಂತ ಕಡಿಮೆ ಸ್ಪಷ್ಟತೆಯ) ಚಿತ್ರ, ಅದಕ್ಕೆ ಮೊದಲನೆಯದೇ ಧಾರಾಳವಾಯಿತು. ಸ್ವಿಚ್ 2 ಡಾಕ್‌ನಲ್ಲಿ ಕುಳಿತಾಗ 4ಕೆ ಚಿತ್ರವನ್ನು ಸೆಕೆಂಡಿಗೆ 60 ಫ್ರೇಮ್‌ಗಳಂತೆ, ಎಚ್‌ಡಿಆರ್ (ಹೊಳಪು-ನೆರಳನ್ನು ಹೆಚ್ಚು ವಿಸ್ತಾರವಾಗಿ ತೋರಿಸುವ) ಬಣ್ಣದೊಂದಿಗೆ ಕಳುಹಿಸಬಲ್ಲದು. 10 ಬಿಟ್‌ನ ಆ ಬಣ್ಣವನ್ನು ಏನೂ ಕತ್ತರಿಸದೆ ಕಳುಹಿಸುವುದಾದರೆ 18 ಗಿಗಾಬಿಟ್ ಕೂಡ ಸಾಲದು. ಮಾಹಿತಿ ಹೆಚ್ಚಾಗಿ ಕೇಬಲ್ ತಾಳಿಕೊಳ್ಳದಿದ್ದಾಗ ಚಿತ್ರ ಮೆಲ್ಲಗೆ ಮಸುಕಾಗುವುದಿಲ್ಲ. ಮೊದಲು ಅಲ್ಲಲ್ಲಿ ಬಿಳಿಯ ಚುಕ್ಕೆಗಳು ಮಿಂಚುತ್ತವೆ, ಆಮೇಲೆ ಟಿವಿ ಮತ್ತು ಕನ್ಸೋಲ್ ನಡುವಿನ ಸಂಪರ್ಕವೇ ಕಡಿದು ಮತ್ತೆ ಕೂಡುತ್ತದೆ. ನೀವು ಕಾಣುತ್ತಿರುವ ಒಂದೆರಡು ಸೆಕೆಂಡಿನ ಕತ್ತಲೆ ಅದೇ ಇರಬೇಕು. ಖಚಿತಪಡಿಸಿಕೊಳ್ಳಲು ಸೆಟ್ಟಿಂಗ್‌ನಲ್ಲಿ ಟಿವಿಯ ರೆಸಲ್ಯೂಷನ್ನನ್ನು 1080ಪಿಗೆ ಇಳಿಸಿ, ಎಚ್‌ಡಿಆರ್ ಆಫ್ ಮಾಡಿ ಆಡಿ ನೋಡಿ. ಆಗ ತೊಂದರೆ ನಿಂತರೆ ಯಂತ್ರ ಚೆನ್ನಾಗಿದೆ, ಕೇಬಲ್ ಒಂದನ್ನೇ ಬದಲಿಸಿದರೆ ಸಾಕು.

ಕೊಳ್ಳುವಾಗ ಒಂದೇ ಒಂದನ್ನು ನೋಡಿ. ಪ್ಯಾಕೆಟ್ ಮೇಲೆ ಅಲ್ಟ್ರಾ ಹೈ ಸ್ಪೀಡ್ ಪ್ರಮಾಣಪತ್ರದ ಚೀಟಿ ಅಂಟಿಸಿರಬೇಕು. ಅದರಲ್ಲಿರುವ ಕ್ಯೂಆರ್ ಸಂಕೇತವನ್ನು ಎಚ್‌ಡಿಎಂಐ ಸಂಸ್ಥೆಯ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಕೇಬಲ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. ಕೇಬಲ್ ಮೈಮೇಲೆ "8ಕೆ" ಅಥವಾ "2.1" ಎಂದು ಅಚ್ಚು ಹಾಕಿರುವುದು ಪ್ರಮಾಣವಲ್ಲ, ಯಾರು ಬೇಕಾದರೂ ಹಾಕಬಹುದು. ಚಿನ್ನದ ಲೇಪನ ತುಕ್ಕು ಹಿಡಿಯದಂತೆ ಕಾಯುತ್ತದೆಯೇ ಹೊರತು ಚಿತ್ರವನ್ನು ಒಂದಿಷ್ಟೂ ಸುಧಾರಿಸುವುದಿಲ್ಲ.

ಪ್ರಶ್ನೆ (ಅದೇ ಸದಸ್ಯೆ, ನಾಲ್ಕು ದಿನದ ನಂತರ): ಸರ್, ಚೀಟಿ ನೋಡಿಯೇ 2 ಮೀಟರ್ ಕೇಬಲ್ ತಂದೆವು, ಎರಡು ದಿನ ಚಿತ್ರ ಬಹಳ ಚೆನ್ನಾಗಿ ಬಂತು. ನಿನ್ನೆ ಅಮೆರಿಕದ ಪಿನ್‌ಗೆ ಹಾಕಿದ್ದ ಕನ್ವರ್ಟರ್ ಸಡಿಲವಾಗಿ ಕಿಡಿ ಹಾರಿತು. ಹೆದರಿಕೆಯಾಗಿ ಅದನ್ನು ತೆಗೆದು, ಹಳೆಯ ಸ್ವಿಚ್‌ನ ಅಡಾಪ್ಟರನ್ನು ಡಾಕ್‌ಗೆ ಹಾಕಿದೆ. ಈಗ ಚಾರ್ಜ್ ಆಗುತ್ತಿದೆ, ಟಿವಿಯಲ್ಲಿ ಮಾತ್ರ ಏನೂ ಬರುತ್ತಿಲ್ಲ. ಹೊಸ ಕೇಬಲ್ಲೂ ಹಾಳಾಯಿತೇ?

ಉತ್ತರ: ಕೇಬಲ್ ಹಾಳಾಗಿಲ್ಲ ಮೇಡಂ. ಹಳೆಯ ಅಡಾಪ್ಟರ್ ಸ್ವಿಚ್ 2ನ್ನು ಚಾರ್ಜ್ ಮಾಡಬಲ್ಲದು, ಆದರೆ ಡಾಕ್ ಮೂಲಕ ಟಿವಿಗೆ ಚಿತ್ರ ಕಳುಹಿಸಲು ಅದರ ಶಕ್ತಿ ಸಾಲದು; ಹೊಸ ಯಂತ್ರ ಡಾಕ್‌ನಲ್ಲಿ 20 ವೋಲ್ಟ್ ಕೇಳುತ್ತದೆ, ಹಳೆಯದು 15ಕ್ಕೆ ನಿಲ್ಲುತ್ತದೆ. ಜೊತೆಯಲ್ಲಿ ಬಂದ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಾಳುವಂಥದ್ದು, ಆದ್ದರಿಂದ ನಮ್ಮ ಕರೆಂಟಿಗೆ ಅದನ್ನೇ ಹಾಕಬಹುದು. ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಆ ಕನ್ವರ್ಟರನ್ನು ಮಾತ್ರ ಇನ್ನು ಬಳಸಬೇಡಿ. ಚಪ್ಪಟೆ ಪಿನ್ ಬಿಗಿಯಾಗಿ ಕೂರುವ ಒಳ್ಳೆಯ ಕಂಪನಿಯದೊಂದನ್ನು ಕೊಳ್ಳಿ. ಮಕ್ಕಳು ಮುಟ್ಟುವ ಜಾಗ ಎಂಬುದು ನೆನಪಿರಲಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಸರ್, ನಮ್ಮದು ಪ್ಲೇಸ್ಟೇಷನ್ 5, 120 ಹರ್ಟ್ಸ್ (ಸೆಕೆಂಡಿಗೆ 120 ಫ್ರೇಮ್ ತೋರಿಸುವ) ಟಿವಿ. ಮನೆ ಕಟ್ಟಿಸುವಾಗಲೇ ಗೋಡೆಯೊಳಗೆ 10 ಮೀಟರ್ ಎಚ್‌ಡಿಎಂಐ ಕೇಬಲ್ ಹಾಕಿಸಿದ್ದೆವು. ಅದರಲ್ಲಿ 120 ಬರುತ್ತಿಲ್ಲ. ಅಲ್ಟ್ರಾ ಹೈ ಸ್ಪೀಡ್‌ನಲ್ಲಿ 10 ಮೀಟರ್ ಕೇಳಿದರೆ ಯಾರ ಬಳಿಯೂ ಇಲ್ಲ.

ಉತ್ತರ: ನೀವು ಕೇಳುತ್ತಿರುವುದು ಸಾಮಾನ್ಯ ತಾಮ್ರದ ಕೇಬಲ್ ಆದರೆ, ಅದು ಸಿಗದಿರುವುದೇ ಸರಿ. 48 ಗಿಗಾಬಿಟ್‌ನ ಸಂಕೇತ ತಾಮ್ರದಲ್ಲಿ ಸಾಗುತ್ತಾ ಬೇಗ ಕ್ಷೀಣಿಸುವುದರಿಂದ 3 ಮೀಟರ್‌ವರೆಗೆ ನಿಶ್ಚಿಂತೆಯಿಂದ ಕೊಳ್ಳಬಹುದು, 5 ಮೀಟರ್ ಹತ್ತಿರ ಬಂದಾಗ ಪ್ರಮಾಣಪತ್ರದ ಚೀಟಿ ಇಲ್ಲದ್ದನ್ನು ಮುಟ್ಟಬಾರದು. ಅದಕ್ಕಿಂತ ದೂರಕ್ಕೆ ಬೇಕಾದದ್ದು ಒಳಗೆ ಗಾಜಿನ ಎಳೆ ಇರುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್. ಅದಕ್ಕೆ ದಿಕ್ಕಿದೆ: ಒಂದು ತುದಿಯ ಮೇಲೆ ಕನ್ಸೋಲ್ ಕಡೆ ಎಂತಲೂ ಇನ್ನೊಂದರ ಮೇಲೆ ಟಿವಿ ಕಡೆ ಎಂತಲೂ ಗುರುತು ಇರುತ್ತದೆ, ತಿರುಗಿಸಿ ಹಾಕಿದರೆ ಏನೂ ಬರುವುದಿಲ್ಲ. ಗೋಡೆಯೊಳಗೆ ಎಳೆಯುವ ಮೊದಲು ನೆಲದ ಮೇಲೆ ಹಾಸಿ, ಎರಡೂ ಕಡೆ ಚುಚ್ಚಿ, ಅರ್ಧ ಗಂಟೆ ಆಡಿ ಪರೀಕ್ಷಿಸಿಕೊಳ್ಳಿ.

ಖರ್ಚು ಮಾಡುವ ಮುಂಚೆ ಮಾತ್ರ ಇನ್ನೊಂದನ್ನು ನೋಡಿಬಿಡಿ. ಡಬ್ಬದಲ್ಲಿ ಬಂದ ಕೇಬಲ್‌ನಿಂದ ಕನ್ಸೋಲನ್ನು ನೇರವಾಗಿ ಟಿವಿಗೆ ಜೋಡಿಸಿ, ಸೆಟ್ಟಿಂಗ್‌ನ ವಿಡಿಯೊ ಔಟ್‌ಪುಟ್ ಮಾಹಿತಿಯಲ್ಲಿ 120 ಹರ್ಟ್ಸ್ ಕಾಣುತ್ತದೆಯೇ ಎಂದು ಓದಿ. ಅಲ್ಲೂ ಕಾಣದಿದ್ದರೆ ದೋಷ ಗೋಡೆಯ ಕೇಬಲ್ಲಿನದಲ್ಲ. ಎಷ್ಟೋ ಟಿವಿಗಳಲ್ಲಿ ನಾಲ್ಕು ಎಚ್‌ಡಿಎಂಐ ಕಿಂಡಿಗಳಿದ್ದರೂ 120 ಹರ್ಟ್ಸ್ ತೆಗೆದುಕೊಳ್ಳುವವು ಎರಡೇ. ಜೊತೆಗೆ ಆ ಕಿಂಡಿಯ ಪೂರ್ಣ ಸಾಮರ್ಥ್ಯವನ್ನು ಟಿವಿಯ ಸೆಟ್ಟಿಂಗ್‌ನಲ್ಲಿ ನಾವೇ ಆನ್ ಮಾಡಬೇಕು. ಇದನ್ನು ಸ್ಯಾಮ್‌ಸಂಗ್‌ನವರು "ಇನ್‌ಪುಟ್ ಸಿಗ್ನಲ್ ಪ್ಲಸ್" ಎನ್ನುತ್ತಾರೆ, ಎಲ್‌ಜಿಯವರು "ಡೀಪ್ ಕಲರ್" ಎನ್ನುತ್ತಾರೆ.

ಪ್ರಶ್ನೆ (ಅದೇ ಸದಸ್ಯರು): ನೇರವಾಗಿ ಹಾಕಿದಾಗ 120 ಬಂತು ಸರ್. ಹಾಗಾದರೆ ಆಪ್ಟಿಕಲ್ ಕೇಬಲ್ಲೇ ಹಾಕಿಸುತ್ತೇನೆ. ಹಳೆಯ ಕೇಬಲ್‌ನ ತುದಿಗೆ ಕಟ್ಟಿ ಎಳೆದರೆ ಬರುತ್ತದೆಯೇ?

ಉತ್ತರ: ಪೈಪ್ ಎಷ್ಟು ಅಗಲವಿದೆ ಎಂಬುದರ ಮೇಲೆ ಹೋಗುತ್ತದೆ. ಮುಕ್ಕಾಲು ಇಂಚಿನ ಪೈಪ್ ಆದರೆ ಎಚ್‌ಡಿಎಂಐ ಪ್ಲಗ್ಗಿನ ತಲೆ ತೂರುವುದಿಲ್ಲ, ತಿರುವಿನಲ್ಲಿ ಖಂಡಿತ ಸಿಕ್ಕಿಕೊಳ್ಳುತ್ತದೆ. ಅಂಥ ಕಡೆ ತಲೆ ಬಿಚ್ಚಿ ಮತ್ತೆ ಜೋಡಿಸಬಹುದಾದ ಆಪ್ಟಿಕಲ್ ಕೇಬಲ್ ಕೇಳಿ ತೆಗೆದುಕೊಳ್ಳಿ. ಎಳೆಯುವಾಗ ಪ್ಲಗ್ಗನ್ನು ಹಿಡಿಯದೆ ಕೇಬಲ್ಲಿನ ಮೈಗೇ ದಾರ ಕಟ್ಟಿಸಿ, ಮೂಲೆಯಲ್ಲಿ ಚೂಪಾಗಿ ಮಡಿಯದಂತೆ ಒಬ್ಬರು ಆ ಕಡೆಯಿಂದ ಮೆಲ್ಲಗೆ ಒಳಕ್ಕೆ ಕೊಡುತ್ತಿರಲಿ, ಏಕೆಂದರೆ ಒಳಗಿನ ಗಾಜಿನ ಎಳೆ ಮುರಿದರೆ ಅದಕ್ಕೆ ರಿಪೇರಿ ಇಲ್ಲ. ಎಳೆದಾದ ಮೇಲೆ ಒಂದು ಗಟ್ಟಿ ನೈಲಾನ್ ದಾರವನ್ನು ಪೈಪ್‌ನಲ್ಲೇ ಬಿಡಿಸಿ, ಮುಂದಿನ ಸಲ ಕೇಬಲ್ ಬದಲಿಸಬೇಕಾದಾಗ ಗೋಡೆ ಒಡೆಯಬೇಕಾಗುವುದಿಲ್ಲ.