ಪ್ಲಗ್-ಇನ್ ಹೈಬ್ರಿಡ್ಡಾ, ಮಾಮೂಲಿ ಗ್ಯಾಸ್ (ಪೆಟ್ರೋಲ್) ಕ್ರಾಸ್‌ಓವರಾ? ಶಿಕಾಗೋ ಚಳಿಗೆ ಯಾವ್ದು ಸರಿ?

ಹಾಸನದ_ಹುಡುಗಿ

ಎಲ್ರಿಗೂ ನಮಸ್ಕಾರ. ನಾವಿರೋದು ಶಿಕಾಗೋ ಪಕ್ಕ ನೇಪರ್‌ವಿಲ್‌ನಲ್ಲಿ. ನಮ್ಮ ಹಳೇ ಸೆಡಾನ್ ಈ ಚಳಿಗಾಲ ದಾಟಿದ್ರೆ ದೊಡ್ಡದು ಅನ್ನೋ ಹಾಗಾಗಿದೆ, ಮೇ ತಿಂಗಳಲ್ಲಿ ಅಪ್ಪ ಅಮ್ಮ ಊರಿಂದ ಬರ್ತಿದಾರೆ, ಅಪ್ಪಂಗೆ ಮಂಡಿ ನೋವು, ತಗ್ಗು ಕಾರಲ್ಲಿ ಕೂತು ಏಳೋದು ಅವ್ರಿಗೆ ಆಗಲ್ಲ, ಅದಕ್ಕೆ ಈ ಸಲ ಕ್ರಾಸ್‌ಓವರೇ ಅಂತ ಮನೇಲಿ ತೀರ್ಮಾನ ಆಗಿದೆ. ಯಾವ್ದು ಅನ್ನೋದ್ರಲ್ಲಿ ಮಾತ್ರ ಇನ್ನೂ ಒಮ್ಮತ ಇಲ್ಲ.

ನಮ್ಮನೆಯವ್ರು ಹೇಳ್ತಿರೋದು ಹೋಂಡಾ ಸಿಆರ್-ವಿ, 1.5 ಟರ್ಬೋ, ಆಲ್ ವೀಲ್ ಡ್ರೈವ್. ಟ್ಯಾಕ್ಸ್ ಬಿಟ್ಟು 36 ಸಾವಿರ ಡಾಲರ್ ಹತ್ರ ಬರುತ್ತೆ. ನಂಗೆ ಮನಸ್ಸಿರೋದು ಟೊಯೋಟಾ ರ‍್ಯಾವ್4 ಪ್ಲಗ್-ಇನ್ ಮೇಲೆ, ಹಿಂದೆ ರ‍್ಯಾವ್4 ಪ್ರೈಮ್ ಅಂತಿದ್ರಲ್ಲ ಅದು. 2025ರ ಮಾಡೆಲ್ ಒಂದು ಉಳಿದಿದೆ ಅಂತ 46 ಸಾವಿರ ಹೇಳ್ತಿದಾರೆ. ಫುಲ್ ಚಾರ್ಜಲ್ಲಿ 42 ಮೈಲಿ ಬರೀ ಕರೆಂಟಲ್ಲೇ ಓಡುತ್ತೆ, ಅದು ಮುಗಿದ್ಮೇಲೆ ಹೈಬ್ರಿಡ್ ಥರ ಗ್ಯಾಲನ್‌ಗೆ 38 ಕೊಡುತ್ತೆ ಅಂತ ಸ್ಟಿಕರಲ್ಲಿದೆ. ನನ್ನ ಆಫೀಸು ಓಕ್ ಬ್ರೂಕ್‌ನಲ್ಲಿ, ಐ-88 ಹಿಡಿದು ಹೋಗಿ ಬಂದ್ರೆ 32 ಮೈಲಿ, ಅಂದ್ರೆ ವಾರವೆಲ್ಲಾ ಗ್ಯಾಸ್ ಹಾಕ್ಸೋದೇ ಬೇಡ ಅಂತ ನನ್ನ ಲೆಕ್ಕ. ವೀಕೆಂಡಲ್ಲಿ ಅರೋರಾ ಬಾಲಾಜಿ ದೇವಸ್ಥಾನ, ಮಕ್ಕಳ ಕ್ಲಾಸು, ಅಂಗಡಿ, ಆಗೊಮ್ಮೆ ಈಗೊಮ್ಮೆ ಡೆಟ್ರಾಯ್ಟ್ ಕಡೆ ಅಕ್ಕನ ಮನೆ. ಎಲ್ಲಾ ಸೇರಿ ವರ್ಷಕ್ಕೆ 12 ಸಾವಿರ ಮೈಲಿ ಆಗಬಹುದು.

ಗ್ಯಾರೇಜ್ ಇದೆ, ಅಲ್ಲಿ ಮಾಮೂಲಿ 120 ವೋಲ್ಟ್ ಸಾಕೆಟ್ ಒಂದೇ, 240ರ ಲೈನ್ ಇಲ್ಲ. ಕರೆಂಟು ನೇಪರ್‌ವಿಲ್ ಸಿಟಿಯವ್ರದ್ದೇ, ಬಿಲ್ ಮೊತ್ತಾನ ಯೂನಿಟ್ಟಿಂದ ಭಾಗಿಸಿದ್ರೆ 15 ಸೆಂಟ್ ಹತ್ರ ಬೀಳುತ್ತೆ.

10 ಸಾವಿರ ಹೆಚ್ಚಿಗೆ ಕೊಡೋದು ಸರೀನಾ? ಜನವರಿ ಚಳೀಲಿ ಆ 42 ಮೈಲಿ ಎಷ್ಟಕ್ಕಿಳಿಯುತ್ತೆ? ಇಟ್ಕೊಂಡು ಓಡಿಸ್ತಿರೋವ್ರು ದಯವಿಟ್ಟು ಹೇಳಿ.

ಫಾಕ್ಸ್_ವ್ಯಾಲಿ_ಕನ್ನಡಿಗ

ಮೇಡಂ, ಮೊದಲು ದುಡ್ಡಿನ ಲೆಕ್ಕ ನೋಡಿಬಿಡೋಣ. ಷೋರೂಮಲ್ಲಿ 94 ಎಂಪಿಜಿಇ (ಕರೆಂಟನ್ನ ಗ್ಯಾಸ್ ಲೆಕ್ಕಕ್ಕೆ ತಿರುಗಿಸಿದ ಮೈಲೇಜು) ಅಂತ ದೊಡ್ಡ ಅಕ್ಷರದಲ್ಲಿ ತೋರಿಸ್ತಾರೆ, ಅದರಿಂದ ನಮ್ಮ ಜೇಬಿಗೆ ಎಷ್ಟು ಅಂತ ಏನೂ ಗೊತ್ತಾಗಲ್ಲ. ಅದೇ ಸ್ಟಿಕರಲ್ಲಿ ಸಣ್ಣದಾಗಿ 100 ಮೈಲಿಗೆ 36 ಯೂನಿಟ್ ಅಂತ ಇರುತ್ತೆ ನೋಡಿ, ನಮಗೆ ಬೇಕಾಗಿರೋದು ಅದು. ನಿಮ್ಮ 15 ಸೆಂಟ್ ಲೆಕ್ಕಕ್ಕೆ 100 ಮೈಲಿಗೆ 5 ಡಾಲರ್ 40 ಸೆಂಟ್. ಸಿಆರ್-ವಿ ಆಲ್ ವೀಲ್ 28-29 ಕೊಡುತ್ತೆ, ಗ್ಯಾಸ್ 3 ಡಾಲರ್ 20 ಅಂತ ಇಟ್ಕೊಂಡ್ರೂ 100 ಮೈಲಿಗೆ 11 ಡಾಲರ್. ಅಂದ್ರೆ ಕರೆಂಟಲ್ಲಿ ಓಡಿಸೋ ಪ್ರತಿ 100 ಮೈಲಿಗೆ ಐದೂವರೆ ಡಾಲರ್ ಉಳಿತಾಯ, ಹತ್ತತ್ರ ಅರ್ಧಕ್ಕರ್ಧ.

ಕೇಳೋಕೆ ಚೆನ್ನಾಗಿದೆ, ಆದ್ರೆ ವರ್ಷಕ್ಕೆ ಎಷ್ಟು ನೋಡಿ. 12 ಸಾವಿರದಲ್ಲಿ 8 ಸಾವಿರ ಮೈಲಿ ಕರೆಂಟಲ್ಲೇ ಓಡ್ತು ಅಂತ ಧಾರಾಳವಾಗೇ ಇಟ್ಕೊಳ್ಳಿ, 440 ಡಾಲರ್ ಉಳೀತು. ಮಿಕ್ಕ 4 ಸಾವಿರ ಮೈಲಿ 29ರ ಬದಲು 38 ಮೈಲೇಜಲ್ಲಿ ಓಡಿದ್ದಕ್ಕೆ ಇನ್ನೊಂದು ನೂರು. ಒಟ್ಟು 550 ಡಾಲರ್ ಆಸುಪಾಸು. 10 ಸಾವಿರ ವಾಪಸ್ ಬರೋಕೆ ಹದಿನೆಂಟು ವರ್ಷ! ಮಾರುವಾಗ ಪ್ಲಗ್-ಇನ್‌ಗೆ ಸ್ವಲ್ಪ ಜಾಸ್ತಿ ಸಿಗುತ್ತೆ, ಒಪ್ತೀನಿ, ಆದ್ರೂ ಪೂರ್ತಿ ಹತ್ತು ಸಾವಿರ ಯಾರೂ ಕೊಡಲ್ಲ.

ಹಾಗಂತ ಗಾಡಿ ಬೇಡ ಅಂತಲ್ಲ. 302 ಹಾರ್ಸ್‌ಪವರ್ ಮೇಡಂ ಅದು, ಸಿಆರ್-ವಿದು 190. ಐ-88ಗೆ ರ‍್ಯಾಂಪಿಂದ ಸೇರುವಾಗ ಆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ, ಊರೊಳಗೆ ಸದ್ದೇ ಇಲ್ಲ. ಅದಕ್ಕೆ ದುಡ್ಡು ಕೊಡ್ತೀನಿ ಅಂದ್ರೆ ಕೊಡಿ, ಉಳಿತಾಯ ಆಗುತ್ತೆ ಅನ್ನೋ ಕಾರಣಕ್ಕೆ ಮಾತ್ರ ಕೊಡಬೇಡಿ.

ನಿಮ್ಮ ಲಿಸ್ಟಲ್ಲಿ ಯಾಕೋ ಇಲ್ಲದೇ ಇರೋದು ಸಿಆರ್-ವಿ ಹೈಬ್ರಿಡ್, ಪ್ಲಗ್ ಇಲ್ಲದ್ದು. ಆಲ್ ವೀಲಲ್ಲೂ 37 ಮೈಲೇಜ್ ಇದೆ, ಗ್ಯಾಸ್ ಗಾಡಿಗಿಂತ ಎರಡು ಮೂರು ಸಾವಿರ ಜಾಸ್ತಿ ಅಷ್ಟೇ, ವರ್ಷಕ್ಕೆ 280 ಡಾಲರ್ ಹತ್ರ ಉಳಿಸುತ್ತೆ. ನನ್ನ ಕೇಳಿದ್ರೆ ನಿಮ್ಮಿಬ್ಬರ ಮಧ್ಯೆ ಇರೋ ರಾಜಿ ಅದೇ.

ಅಂದಹಾಗೆ ನಮ್ಮಂಗೆ ಕಾಮ್‌ಎಡ್ ಕಂಪನಿ ಕರೆಂಟ್ ಇರೋವ್ರಿಗೆ ಅವರ್ಲಿ ಪ್ರೈಸಿಂಗ್ ಅಂತ ಒಂದು ಪ್ಲಾನ್ ಇದೆ, ಗಂಟೆಗೆ ಗಂಟೆಗೆ ರೇಟ್ ಬದಲಾಗುತ್ತೆ, ರಾತ್ರಿ ಹೊತ್ತು ಸಪ್ಲೈ ರೇಟ್ ತುಂಬಾ ಇಳಿದುಬಿಡುತ್ತೆ. ಅಂಥವ್ರ ಲೆಕ್ಕ ಬೇರೆ. ನಿಮಗೆ ಸಿಟಿ ಕರೆಂಟಾಗಿರೋದ್ರಿಂದ ಅದು ಅನ್ವಯ ಆಗಲ್ಲ.

ಹುಬ್ಬಳ್ಳಿ_ಟು_ಮಿನ್ನೆಸೋಟ

ಅಕ್ಕಾರ, ಚಳಿ ಬಗ್ಗೆ ನಾ ಹೇಳ್ತೀನ್ರಿ, ನಮ್ಮ ಮನ್ಯಾಗ ಪ್ರೈಮ್ ಐತಿ. ಬ್ಯಾಸಗ್ಯಾಗ 42 ಅಲ್ಲ, ಸಾವಕಾಶ ಓಡಿಸಿದ್ರ 45ರ ಮ್ಯಾಲೂ ಬರ್ತದ. ಫ್ಯಾರನ್‌ಹೀಟ್ 20-25 ಆತು ಅಂದ್ರ 30ರ ಹತ್ರ ಇಳಿತದ, ಹೈವೇ ಮ್ಯಾಲೆ 70ರಾಗ ಹೋದ್ರ ಇನ್ನೂ ಕಮ್ಮಿ. ನಿಮ್ಮ 32 ಮೈಲಿ ದಾರಿಗೆ ಜನವರಿ-ಫೆಬ್ರವರಿ ಒಳಗ ಮನಿ ಮುಟ್ಟೂ ಮುಂಚೆ ಇಂಜಿನ್ ಚಾಲೂ ಆಗೂದು ಗ್ಯಾರಂಟಿ. ಆಫೀಸ್ ಪಾರ್ಕಿಂಗ್‌ನ್ಯಾಗ ಚಾರ್ಜರ್ ಐತೇನು ಕೇಳ್ರಿ, ಇದ್ರ ಚಿಂತಿ ಇಲ್ಲ.

ಇನ್ನೊಂದು ಮಾತು ಸೇಲ್ಸ್‌ನವ್ರು ಹೇಳಂಗಿಲ್ಲ. ಪ್ರೈಮ್‌ನ್ಯಾಗ ಹೀಟ್ ಪಂಪ್ ಐತಿ, ಅದಕ್ಕ ಮಧ್ಯಮ ಚಳಿಗೆ ಬ್ಯಾಟರಿ ಮ್ಯಾಲೇ ಕ್ಯಾಬಿನ್ ಬೆಚ್ಚಗ ಇಡ್ತದ. 14 ಡಿಗ್ರಿ ಫ್ಯಾರನ್‌ಹೀಟ್ ಕೆಳಗ ಇಳೀತು ಅಂದ್ರ, ಬ್ಯಾಟರಿ ಫುಲ್ ಇದ್ರೂ ಹೀಟರ್ ಸಲುವಾಗಿ ಇಂಜಿನ್ ಹತ್ತಿಕೊಳ್ತದ. ಮುಂದಿನ ಗಾಜಿನ ಡಿಫ್ರಾಸ್ಟ್ ಒತ್ತಿದ್ರೂ ಒಮ್ಮೊಮ್ಮೆ ಹಂಗ. ಮುಂಜಾನೆ ಗ್ಯಾರೇಜಿನಿಂದ ಹೊರಗ ತಗದು, ಗಾಜು ಮಬ್ಬಾತು ಅಂತ ಗುಂಡಿ ಒತ್ತಿದ ಕೂಡ್ಲೇ ಗುರ್ ಅಂತ ಇಂಜಿನ್ ಶುರು ಆಗ್ತದ, ಡ್ಯಾಶಿನ್ಯಾಗ ನೋಡಿದ್ರ ಚಾರ್ಜ್ ಹಂಗೇ ಐತಿ. ಗಾಡಿ ಕೆಟ್ಟದ ಅಂತ ಹೊಸಬರು ಗಾಬರಿ ಆಗ್ತಾರ, ಅದು ಕೆಟ್ಟಿಲ್ರಿ, ಮಾಡಿದ್ದೇ ಹಂಗ.

ನಾವು ಏನ್ ಮಾಡ್ತೀವಂದ್ರ, ಪ್ಲಗ್ ಹಚ್ಚಿದಾಗಲೇ ಕ್ಯಾಬಿನ್ ಬೆಚ್ಚಗ ಮಾಡ್ಕೊಂಡು ಹೊರಡ್ತೀವಿ, ದಾರ‍್ಯಾಗ ಸೀಟ್ ಹೀಟರ್, ಸ್ಟೀರಿಂಗ್ ಹೀಟರ್ ಮ್ಯಾಲೆ ನಡಸ್ತೀವಿ. ಬಹಳ ಚಳಿ ಇದ್ದ ದಿನ ಹಟ ಹಿಡದು ಇವಿ ಮೋಡ್ (ಬರೇ ಕರೆಂಟ್) ಒತ್ತೂದಿಲ್ಲ, ಹೈವೇಕ ಹೈಬ್ರಿಡ್ ಹಾಕಿ, ಊರೊಳಗ ಕರೆಂಟ್ ಬಳಸ್ತೀವಿ. ಎರಡು ನಿಮಿಷ ಹತ್ತಿ ಆರಿ, ಹತ್ತಿ ಆರಿ ಮಾಡಿದ್ರ ಇಂಜಿನ್ ಸರಿಯಾಗಿ ಬಿಸಿನೇ ಆಗಂಗಿಲ್ಲ, ಅದು ಇಂಜಿನ್ನಿಗೂ ಛಲೋ ಅಲ್ಲ, ಆಯಿಲ್‌ಗೂ ಛಲೋ ಅಲ್ಲ.

ಹ್ಯುಂಡೈ ಟೂಸಾನ್, ಕಿಯಾ ಸ್ಪೋರ್ಟೇಜ್ ಪ್ಲಗ್-ಇನ್ ನೋಡೋವ್ರು ಇದನ್ನ ಲಕ್ಷ್ಯ ಇಟ್ಟು ಓದ್ರಿ. ಅಮೆರಿಕದಾಗ ಮಾರೋ ಆ ಗಾಡಿಗಳು ಹೀಟರ್ ಹಾಕಿದ್ರ ಇಂಜಿನ್ ಓಡಸ್ತಾವ. ಕ್ಯಾಲಿಫೋರ್ನಿಯಾದಾಗ ನಡೀತದ, ನಮ್ಮಂಥಾ ಊರಾಗ ಚಳಿಗಾಲ ಪೂರ್ತಿ ಅದು ಬರೇ ಹೈಬ್ರಿಡ್ ಆಗ್ತದ.

ಕೋಲಾರ_ಬೇಏರಿಯಾ

ಇಲ್ಲಿ ಓದ್ತಿರೋ ಕ್ಯಾಲಿಫೋರ್ನಿಯಾ ಬೇ ಏರಿಯಾದವ್ರಿಗೆ ಅಂತ ಬರೀತಿದೀನಿ, ಇಲಿನಾಯ್ ಲೆಕ್ಕ ಇಲ್ಲಿಗೆ ತರಬೇಡಿ. ನಮ್ಮ ಕರೆಂಟ್ ಕಂಪನಿ ಪಿಜಿ ಅಂಡ್ ಇ, ಅದರ ಇವಿ ಪ್ಲಾನಲ್ಲಿ 2025ರಲ್ಲಿ ಮಧ್ಯರಾತ್ರಿ ರೇಟೇ 30 ಸೆಂಟ್ ದಾಟಿತ್ತು, ಅಂದ್ರೆ 100 ಮೈಲಿಗೆ 11 ಡಾಲರ್. ಗ್ಯಾಸ್ 4 ಡಾಲರ್ 60 ಅಂದ್ರೂ ಅದೇ ಗಾಡಿ ಹೈಬ್ರಿಡ್ಡಾಗಿ ಓಡಿದ್ರೆ 12 ಡಾಲರ್. ಒಂದು ಡಾಲರ್‌ಗೋಸ್ಕರ ದಿನಾ ವೈರ್ ಎಳೀಬೇಕಿತ್ತು. ಸಂಜೆ ನಾಲ್ಕರಿಂದ ಒಂಬತ್ತರೊಳಗೆ ಚಾರ್ಜ್ ಹಾಕಿದ್ರಂತೂ ಗ್ಯಾಸೇ ಅಗ್ಗ. ಒಬ್ರೇ ಇದ್ರೂ ಕಾರ್‌ಪೂಲ್ ಲೇನಲ್ಲಿ ಹೋಗೋಕೆ ಬಿಡೋ ಸ್ಟಿಕರ್‌ಗೋಸ್ಕರ ತಗೊಳ್ತಿದ್ರು, ಅದೂ 2025ರ ಸೆಪ್ಟೆಂಬರ್ 30ಕ್ಕೆ ಮುಗೀತು. ಮನೆ ಮೇಲೆ ಹಳೇ ಸೋಲಾರ್ ಇದ್ದು, 2023ರ ಏಪ್ರಿಲ್ 15ಕ್ಕೆ ಮುಂಚೆ ಅರ್ಜಿ ಹಾಕಿ ಹಳೇ ನೆಟ್ ಮೀಟರಿಂಗ್ (ಗ್ರಿಡ್‌ಗೆ ಕೊಟ್ಟ ಸೋಲಾರ್ ಕರೆಂಟನ್ನ ಬಿಲ್ಲಲ್ಲಿ ಕಳೆಯೋದು) ಸಿಕ್ಕಿದ್ರೆ ಮಾತ್ರ ಇಲ್ಲಿ ಪ್ಲಗ್-ಇನ್‌ಗೆ ಅರ್ಥ ಇದೆ.

ಡಾಲಸ್_ತುಮಕೂರು

ಮೇಡಂ, ಹೊಸದು 46 ಸಾವಿರಕ್ಕೆ ಬೇಡವೇ ಬೇಡ. ಫೆಡರಲ್ ಟ್ಯಾಕ್ಸ್ ಕ್ರೆಡಿಟ್ 7,500 ಡಾಲರ್ ಇತ್ತಲ್ಲ, ಅದೂ ಅದೇ ಸೆಪ್ಟೆಂಬರ್ 30ಕ್ಕೆ ನಿಂತೋಯ್ತು. ಪ್ರೈಮ್ ಜಪಾನಿಂದ ಬರೋದ್ರಿಂದ 2022ರ ಆಗಸ್ಟಲ್ಲಿ ಕಾನೂನು ಬದಲಾದಾಗ್ಲೇ ಕೊಂಡ್ಕೊಳ್ಳೋವ್ರಿಗೆ ಕ್ರೆಡಿಟ್ ತಪ್ಪಿತ್ತು, ಆದ್ರೆ ಲೀಸ್ ತಗೊಂಡ್ರೆ ಲೀಸ್ ಕಂಪನಿಗೆ ಸಿಗ್ತಿತ್ತು, ಅವ್ರು ಅದನ್ನ ತಿಂಗಳ ಕಂತಲ್ಲಿ ಕಳೀತಿದ್ರು. ಹಾಗಾಗಿ 2023ರಲ್ಲಿ ಬಹಳ ಜನ ಪ್ಲಗ್-ಇನ್‌ಗಳನ್ನ ಲೀಸಿಗೇ ತಗೊಂಡ್ರು. ಮೂರು ವರ್ಷದ ಲೀಸು, ಆ ಗಾಡಿಗಳು ವಾಪಸ್ ಬರೋ ಕಾಲ ಈಗ. ನೀವು ಹುಡುಕಬೇಕಾದ್ದು ಅಲ್ಲಿ. ಸಿಆರ್-ವಿ ರೇಟಿಗೇ ಎರಡು ಮೂರು ವರ್ಷ ಹಳೇ ಪ್ಲಗ್-ಇನ್ ಸಿಕ್ರೆ ಮೇಲಿನ ಹದಿನೆಂಟು ವರ್ಷದ ಲೆಕ್ಕ ಪೂರ್ತಿ ತಿರುಗಿಬೀಳುತ್ತೆ, ಮೊದಲ ದಿನದಿಂದ್ಲೇ ಉಳಿತಾಯ.

ಬ್ಯಾಟರಿ ಹೆದರಿಕೆ ಬೇಡ. ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ಇದೆ, ಮಾಲೀಕರು ಬದಲಾದ್ರೂ ಮುಂದುವರಿಯುತ್ತೆ.

ಇನ್ನೊಂದು ಪ್ರಶ್ನೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ: ದಿನಾ ಪ್ಲಗ್ ಹಾಕ್ತೀರಾ? ಐಸಿಸಿಟಿ ಅನ್ನೋ ಸಾರಿಗೆ ಸಂಶೋಧನಾ ಸಂಸ್ಥೆ 2022ರಲ್ಲಿ ಅಮೆರಿಕದ ಗಾಡಿಗಳ ಅಂಕಿಅಂಶ ತೆಗೆದು ನೋಡಿದಾಗ, ಸರ್ಕಾರದ ಲೇಬಲ್ ಅಂದಾಜು ಮಾಡಿರೋದಕ್ಕಿಂತ ಜನ ಕರೆಂಟಲ್ಲಿ ಓಡಿಸೋದು ಶೇಕಡಾ 26ರಿಂದ 56ರಷ್ಟು ಕಮ್ಮಿ ಅಂತ ಕಂಡುಬಂತು. ನಾನು ನೋಡೋಕೆ ಹೋದ ಒಂದು ಲೀಸ್ ಗಾಡಿಲಿ ಚಾರ್ಜಿಂಗ್ ಕೇಬಲ್ ಡಿಕ್ಕಿಯಲ್ಲಿ ಇನ್ನೂ ಪ್ಲಾಸ್ಟಿಕ್ ಕವರೊಳಗೇ ಇತ್ತು, ಕವರ್‌ನ ಸ್ಟಿಕರ್ ಕೂಡ ಕಿತ್ತಿರಲಿಲ್ಲ. ಪ್ಲಗ್ ಹಾಕದೇ ಇದ್ರೆ ಅಷ್ಟು ತೂಕದ ಬ್ಯಾಟರಿ ಹೊತ್ಕೊಂಡು ತಿರುಗೋ ಹೈಬ್ರಿಡ್ ಅದು, ಇನ್ನೇನಿಲ್ಲ.

ಹಾಸನದ_ಹುಡುಗಿ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಸ್ಪಷ್ಟವಾಗಿ ಯಾವ ಡೀಲರೂ ಹೇಳಿರ್ಲಿಲ್ಲ. ಪ್ಲಗ್ ಹಾಕೋದು ನಂಗೆ ಕಷ್ಟ ಅಲ್ಲ, ರಾತ್ರಿ ಫೋನ್ ಚಾರ್ಜಿಗೆ ಹಾಕೋ ಹಾಗೆ ಅಭ್ಯಾಸ ಆಗುತ್ತೆ. ಹೊಸಾ ಪ್ಲಗ್-ಇನ್ ಯೋಚನೆ ಬಿಟ್ಟಿದೀವಿ. 2023ರ ಪ್ರೈಮ್ 36 ಸಾವಿರದೊಳಗೆ ಸಿಕ್ರೆ ಅದು, ಏಪ್ರಿಲ್ ಹೊತ್ತಿಗೆ ಸಿಗದಿದ್ರೆ ಸಿಆರ್-ವಿ ಹೈಬ್ರಿಡ್, ನಮ್ಮನೆಯವ್ರೂ ಒಪ್ಪಿದ್ರು. ಎರಡು ಸಣ್ಣ ಪ್ರಶ್ನೆ: ಮಿತ್ಸುಬಿಷಿ ಔಟ್‌ಲ್ಯಾಂಡರ್ ಪ್ಲಗ್-ಇನ್‌ನಲ್ಲಿ ಮೂರನೇ ಸಾಲು ಇದೆಯಂತಲ್ಲ, ಅಪ್ಪ ಅಮ್ಮ ಬಂದಾಗ ಉಪಯೋಗ ಆಗುತ್ತಾ? ಮತ್ತೆ 120 ವೋಲ್ಟ್ ಸಾಕೆಟ್ ಸಾಕಾ, ಅದೇ ಸಾಕೆಟ್ ಪಕ್ಕದಲ್ಲೇ ಫ್ರೀಜರ್ ಬೇರೆ ಇದೆ.

ಫಾಕ್ಸ್_ವ್ಯಾಲಿ_ಕನ್ನಡಿಗ

ಔಟ್‌ಲ್ಯಾಂಡರ್ ಮೂರನೇ ಸಾಲು ಮಕ್ಕಳಿಗೆ ಮಾತ್ರ, ಅದೂ ಹತ್ತಿರದ ದಾರಿಗೆ. ಮಕ್ಕಳನ್ನ ಹಿಂದೆ ಹಾಕಿ ಅಪ್ಪಾಜಿನ ಮುಂದೆ ಕೂರಿಸೋದಾದ್ರೆ ಲೆಮಾಂಟ್ ದೇವಸ್ಥಾನದವರೆಗೂ ನಡೆಯುತ್ತೆ, ಡೆಟ್ರಾಯ್ಟ್‌ಗೆ ಆಗಲ್ಲ, ಲಗೇಜ್ ಇಡೋಕೂ ಜಾಗ ಉಳಿಯಲ್ಲ. 2023ರ ಮಾಡೆಲ್ ಕರೆಂಟಲ್ಲಿ 38 ಮೈಲಿ ಓಡುತ್ತೆ. ಯಾವುದೇ ಆದ್ರೂ ಅಪ್ಪಾಜಿ ಎತ್ತರದವ್ರು ಒಬ್ರನ್ನ ಕರ್ಕೊಂಡು ಹೋಗಿ ಕೂರಿಸಿ ಎಬ್ಬಿಸಿ ನೋಡಿ, ಸೀಟಿನ ಎತ್ತರ ಒಂದೊಂದು ಗಾಡಿಗೂ ಒಂದೊಂದು ಥರ.

ಸಾಕೆಟ್ ವಿಷ್ಯ ಸ್ವಲ್ಪ ಗಂಭೀರವಾಗಿ ತಗೊಳ್ಳಿ. 120 ವೋಲ್ಟಲ್ಲಿ 12 ಆಂಪ್ ಅಂದ್ರೆ 1.4 ಕಿಲೋವ್ಯಾಟ್, ಪ್ರೈಮ್ ಫುಲ್ ಆಗೋಕೆ 12 ಗಂಟೆ ಬೇಕು, ಸಂಜೆ ಏಳಕ್ಕೆ ಹಾಕಿದ್ರೆ ಬೆಳಗ್ಗೆ ಏಳಕ್ಕೆ ರೆಡಿ, ನಿಮ್ಮ ಓಡಾಟಕ್ಕೆ ಸಾಕು, 240ಕ್ಕೆ ಖರ್ಚು ಮಾಡೋದು ಬೇಡ. ಆದ್ರೆ 12 ಗಂಟೆ ಒಂದೇ ಸಮ 12 ಆಂಪ್ ಎಳೆಯೋದು ಹಳೇ ಸಾಕೆಟ್‌ಗೆ ದೊಡ್ಡ ಕೆಲಸ. ಫ್ರೀಜರ್ ಅದೇ ಸರ್ಕ್ಯೂಟಲ್ಲಿದ್ರೆ ಎರಡೂ ಒಟ್ಟಿಗೆ ಓಡಿದಾಗ ಬ್ರೇಕರ್ ಬೀಳುತ್ತೆ, ರಾತ್ರಿ ಬಿದ್ರೆ ಬೆಳಗ್ಗೆ ಕಾರೂ ಖಾಲಿ, ಫ್ರೀಜರೂ ನೀರು. ಎಲೆಕ್ಟ್ರಿಷಿಯನ್ ಕರೆಸಿ ಕಾರಿಗೆ ಅಂತಲೇ 20 ಆಂಪ್‌ನ ಬೇರೆ ಲೈನ್ ಎಳೆಸಿ, ಒಳ್ಳೇ ಗಟ್ಟಿ ಸಾಕೆಟ್ ಹಾಕಿಸಿ. ಎಕ್ಸ್‌ಟೆನ್ಷನ್ ಕಾರ್ಡ್ ಅಂತೂ ಬೇಡವೇ ಬೇಡ. ಮೊದಲ ವಾರ ಮಲಗೋಕೆ ಮುಂಚೆ ಪ್ಲಗ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಪರವಾಗಿಲ್ಲ, ಬೆರಳಿಡೋಕೆ ಆಗದಷ್ಟು ಸುಡ್ತಿದ್ರೆ ಅಲ್ಲಿಗೇ ನಿಲ್ಲಿಸಿ.

ಹುಬ್ಬಳ್ಳಿ_ಟು_ಮಿನ್ನೆಸೋಟ

ಹಳೇದು ತಗೊಳ್ಳೋದಾದ್ರ ಚಳಿ ಇದ್ದಾಗಲೇ ಹೋಗಿ ನೋಡ್ರಿ ಅಕ್ಕಾರ, ಬ್ಯಾಸಗಿತನಕ ಕಾಯಬ್ಯಾಡ್ರಿ. ಫುಲ್ ಚಾರ್ಜ್ ಮಾಡಿ ಇಡ್ರಿ ಅಂತ ಹಿಂದಿನ ದಿನ ಡೀಲರ್‌ಗೆ ಫೋನ್ ಮಾಡಿ ಹೇಳ್ರಿ, ಹೀಟರ್ ಹಾಕಿ ಹೈವೇ ಮ್ಯಾಲೆ ಓಡಿಸಿ, ಎಷ್ಟು ಮೈಲಿಗೆ ಎಷ್ಟು ಚಾರ್ಜ್ ಇಳೀತು ಬರಕೊಳ್ರಿ. ಎರಡೂ ಚಾವಿ, ಚಾರ್ಜಿಂಗ್ ಕೇಬಲ್ ಅದಾವೇನು ಕೇಳ್ರಿ. ವಿನ್ ನಂಬರ್ (ಗಾಡಿ ಗುರುತಿನ ನಂಬರ್) ಹಾಕಿ, ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆ ಎನ್ಎಚ್‌ಟಿಎಸ್ಎ ಸೈಟಿನ್ಯಾಗ ರಿಕಾಲ್ (ದೋಷಕ್ಕ ಕಂಪನಿ ಪುಕ್ಕಟೆ ಮಾಡೋ ರಿಪೇರಿ) ಬಾಕಿ ಐತೇನು ನೋಡ್ರಿ, ಇದ್ರ ರೊಕ್ಕಾ ಕೊಡೂ ಮೊದಲೇ ಅವರ ಕಡಿಂದನ ಮಾಡಿಸ್ಕೊಳ್ರಿ.